ದಾದಿಯ ಅಭ್ಯಾಸವನ್ನು ಕಡೆಮುಟ್ಟಿಸುವ ವಿಷಯವಾಗಿ

ನಮ್ಮ ಶಾಲೆಯಿಂದ ಹೊರಟುಹೋಗುವ ಹುಡುಗಿಯರಲ್ಲಿ ವರುಷವರುಷವೂ ಕೆಲವರು ದಾದಿಯ ಅಭ್ಯಾಸಕ್ಕೆ ಸೇರುತ್ತಾರೆಂಬುದು ಈ ಸಂಚಿಕೆಯನ್ನು ಓದುವವರೆಲ್ಲರಿಗೂ ತಿಳಿದ ಸಂಗತಿಯೇ. ಅವರು ಸೇರಿದ ಸುದ್ದಿಯನ್ನು ನಾವು ಸಂತೋಷದಿಂದ ಕೇಳುತ್ತೇವೆ. ಬಿಳೀ ಉಡುಪಿನಲ್ಲಿ ದೀಪ ಹಿಡಿದು ನಿಂತ ಅವರ ಭಾವಚಿತ್ರ ಬಂದರೆ ಕೆಳಗಿನ ತರಗತಿಯವರಿಗೆಲ್ಲ ತೋರಿಸುತ್ತೇವೆ. ಆದರೆ ಸೇರಿದವರಲ್ಲಿ ಕೆಲವರು ಮೊದಲನೆಯ ಕ್ರಿಸ್ಮಸ್ ರಜೆಗೆ ಊರಿಗೆ ಬಂದು ಬಿಚ್ಚಿದ ಪೆಟ್ಟಿಗೆಯನ್ನು ತಿರುಗಿ ಕಟ್ಟುವುದೇ ಇಲ್ಲ. ಹುಡುಗಿಗೆ ಓದು ತಲೆಗೆ ಹತ್ತಲಿಲ್ಲವೆಂದು ನೆರೆಯವರು ಹೇಳುತ್ತಾರೆ; ರಕ್ತವನ್ನು ಕಂಡು ಹೆದರಿದಳೆಂದು ಬಂಧುಗಳು ಹೇಳುತ್ತಾರೆ. ಇವೆರಡೂ ನಿಜವಲ್ಲವೆಂದು ನಾವು ಧೈರ್ಯವಾಗಿ ಹೇಳಬಲ್ಲೆವು. ಯಾಕಂದರೆ ಹಾಗೆ ಹಿಂದಿರುಗಿದವರಲ್ಲಿ ನಮ್ಮ ತರಗತಿಗಳಲ್ಲಿ ಮೊದಲನೆಯವರಾಗಿದ್ದವರೂ ಉಂಟು, ಮನೆಯಲ್ಲಿ ಅಜ್ಜಿಯ ಹುಣ್ಣನ್ನು ತಿಂಗಳುಗಟ್ಟಲೆ ತೊಳೆದು ಕಟ್ಟಿದವರೂ ಉಂಟು. ಅಭ್ಯಾಸವನ್ನು ಮುಗಿಸಿ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರನ್ನು ಈ ವಿಷಯವಾಗಿ ವಿಚಾರಿಸಿ, ಅವರು ಹೇಳಿದ್ದನ್ನು ಒಟ್ಟುಗೂಡಿಸಿ, ಹೋಗತಕ್ಕವರಿಗೂ ಕಳುಹಿಸತಕ್ಕ ತಾಯಿತಂದೆಗಳಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತೇವೆ.

ಹಿಂದಿನ ಕಾಲದ ಮಾತನ್ನು ಸ್ವಲ್ಪ ಹೇಳಬೇಕಾಗಿದೆ. ಅನ್ಯರ ಮಲಮೂತ್ರಗಳನ್ನು ಮುಟ್ಟುವ ಕೆಲಸವೆಂದು ನಮ್ಮ ದೇಶದಲ್ಲಿ ಈ ಉದ್ಯೋಗವನ್ನು ಹೀನವಾಗಿ ಎಣಿಸುತ್ತಿದ್ದ ದಿನಗಳಲ್ಲಿ, ಮಿಶನ್ ಆಸ್ಪತ್ರೆಗಳು ಕ್ರೈಸ್ತ ಕುಟುಂಬದ ಹೆಣ್ಣುಮಕ್ಕಳನ್ನೇ ಮೊದಲು ಕರೆದು ಕಲಿಸಿದವು. ವೇಲೂರಿನಲ್ಲಿ ಡಾಕ್ಟರ್ ಐಡಾ ಸ್ಕಡರ್ ಅಮ್ಮನವರ ಆಸ್ಪತ್ರೆಯಲ್ಲಿ 1909ರಲ್ಲಿ ದಾದಿಯರ ಶಾಲೆ ಪ್ರಾರಂಭವಾಯಿತು. ಅದೇ ಸ್ಥಳದಲ್ಲಿ 1946ರಲ್ಲಿ ಶುಶ್ರೂಷೆಯು ಪದವಿಯ ವಿದ್ಯೆಯಾಯಿತು. ನಮ್ಮ ನಾಡಿನಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿಯೂ, ಡಾಕ್ಟರ್ ಈವಾ ಲೊಂಬಾರ್ಡ್ ಅಮ್ಮನವರು ಉಡುಪಿಯಲ್ಲಿ ಸ್ಥಾಪಿಸಿದ ಬಾಸೆಲ್ ಮಿಶನ್ ಆಸ್ಪತ್ರೆ 1923ರಲ್ಲಿಯೂ ಬಾಗಿಲು ತೆರೆದವು. ಹಳ್ಳಿಗಳಿಗಾಗಿ ಸಹಾಯಕ ದಾದಿ ಮತ್ತು ಸೂಲಗಿತ್ತಿಯರನ್ನು, ಅಂದರೆ ಈಗ ಎ.ಎನ್.ಎಂ. ಎಂದು ಕರೆಯಲ್ಪಡುವವರನ್ನು, ತಯಾರುಮಾಡುವ ಕೆಲಸವು ನಮ್ಮ ದೇಶದಲ್ಲಿ ಮೊಟ್ಟಮೊದಲು 1951ರಲ್ಲಿ ಪಂಜಾಬಿನ ತರನ್ ತಾರನ್ ಎಂಬ ಊರಿನ ಸೇಂಟ್ ಮೇರೀಸ್ ಎಂಬ ಆಸ್ಪತ್ರೆಯಲ್ಲಿ ಆರಂಭವಾಯಿತು. ಈಗ ಎಲ್ಲಾ ಮತದವರ ಹುಡುಗಿಯರೂ, ಹುಡುಗರು ಕೂಡ, ಈ ವಿದ್ಯೆಗೆ ಬರುತ್ತಾರೆ. ಹಳೆಯ ತಿರಸ್ಕಾರವು ಬಹಳಮಟ್ಟಿಗೆ ಹೋಗಿದೆ. ಅದರ ಬದಲಿಗೆ, ಹುಡುಗಿ ಮೂರು ವರುಷ ಕಷ್ಟಪಟ್ಟರೆ ಪರದೇಶದಲ್ಲಿ ಸಂಬಳ ಸಿದ್ಧವಾಗಿದೆಯೆಂಬ ಆತುರವು ಬಂದಿದೆ. ಮೊದಲನೆಯದರಂತೆ ಇದೂ ಹುಡುಗಿಗೆ ಒಂದು ಹೊರೆಯೇ ಎಂಬುದು ನಮ್ಮ ಅಭಿಪ್ರಾಯ.

ಅಭ್ಯಾಸದ ಬಗೆಗಳನ್ನು ಬೇಗನೆ ಹೇಳಿಬಿಡುತ್ತೇವೆ. ಎ.ಎನ್.ಎಂ. ಎಂಬುದು 2 ವರುಷದ್ದು. ಅದನ್ನು ಮುಗಿಸಿದವರು ಹೆಚ್ಚಾಗಿ ಹಳ್ಳಿಯ ಉಪಕೇಂದ್ರಗಳಲ್ಲಿ ಗರ್ಭಿಣಿಯರ ಮತ್ತು ಕೂಸುಗಳ ಆರೈಕೆ, ಲಸಿಕೆ ಮೊದಲಾದ ಕೆಲಸಗಳನ್ನು ಮಾಡುತ್ತಾರೆ. ಜಿ.ಎನ್.ಎಂ. ಎಂಬುದು 3 ವರುಷದ್ದು. ಅದು ಆಸ್ಪತ್ರೆಯ ಶುಶ್ರೂಷೆ ಮತ್ತು ಪ್ರಸೂತಿ ಎರಡನ್ನೂ ಕೂಡಿದ ಡಿಪ್ಲೊಮಾ. ಬಿ.ಎಸ್ಸಿ. ನರ್ಸಿಂಗ್ 4 ವರುಷದ ಪದವಿ; ಅದಕ್ಕೆ ಪಿ.ಯು.ಸಿ.ಯಲ್ಲಿ ಭೌತ, ರಸಾಯನ, ಜೀವ ಶಾಸ್ತ್ರಗಳನ್ನು ಓದಿರಬೇಕು. ಮೊದಲಿನ ಎರಡಕ್ಕೆ ಕಲಾ ವಿಭಾಗದಲ್ಲಿ ಓದಿದವರೂ ಸೇರಬಹುದು. ಎಲ್ಲದಕ್ಕೂ 17 ವರುಷ ತುಂಬಿರಬೇಕು.

ಯಾವ ಶಾಲೆಗೆ ಸೇರಿಸಬೇಕೆಂಬ ವಿಷಯದಲ್ಲಿ ಮಾತ್ರ ತಂದೆತಾಯಿಗಳು ಅವಸರಪಡಬಾರದು. ಕಟ್ಟಡದ ಚೆಂದವನ್ನೂ ದಲ್ಲಾಳಿಗಳ ಮಾತನ್ನೂ ನಂಬಿ ಹಣ ಕಟ್ಟಿದವರು ನಮಗೆ ಗೊತ್ತು. ರಾಜ್ಯದ ನರ್ಸಿಂಗ್ ಕೌನ್ಸಿಲಿನ ಮನ್ನಣೆ ಆ ಶಾಲೆಗೆ ಈ ವರುಷವೂ ಉಂಟೋ ಎಂಬುದನ್ನು ಕಾಗದದಲ್ಲಿ ನೋಡಬೇಕು. ಅನಂತರ, ಆ ಶಾಲೆಯ ಹುಡುಗಿಯರು ಯಾವ ಆಸ್ಪತ್ರೆಯಲ್ಲಿ ಕೆಲಸ ಕಲಿಯುತ್ತಾರೆಂದು ಕೇಳಿ, ಹೇಳದೆ ಕೇಳದೆ ಒಂದು ದಿವಸ ಆ ಆಸ್ಪತ್ರೆಗೆ ಹೋಗಿ ನೋಡಬೇಕು. ಮಂಚಗಳಿದ್ದರೆ ಸಾಲದು, ಮಂಚಗಳ ಮೇಲೆ ರೋಗಿಗಳಿರಬೇಕು. ರೋಗಿಗಳಿಲ್ಲದ ಆಸ್ಪತ್ರೆಯಲ್ಲಿ ಕಲಿತ ದಾದಿಯು ನೀರಿಲ್ಲದ ಕೆರೆಯಲ್ಲಿ ಈಜು ಕಲಿತವಳಂತೆಯೇ. ಮೂಲ ಅಂಕಪಟ್ಟಿಗಳನ್ನು ಶಾಲೆಯವರು ತೆಗೆದಿಟ್ಟುಕೊಂಡರೆ ರಶೀತಿಯನ್ನು ಪಡೆಯಬೇಕು. ನಡುವೆ ಬಿಡಬೇಕಾದರೆ ಎಷ್ಟು ಹಣ ಕೇಳುತ್ತಾರೆಂಬುದನ್ನು ಸೇರುವ ದಿನವೇ ಬರಹದಲ್ಲಿ ತಿಳಿದುಕೊಳ್ಳಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇವೆ. ಚೆನ್ನಾಗಿ ಓದುತ್ತಿದ್ದ ಹುಡುಗಿಯು ಅಲ್ಲಿ ಹೋಗಿ ಯಾತಕ್ಕೆ ಎಡವುತ್ತಾಳೆ? ನಮ್ಮ ಶಾಲೆಗಳಲ್ಲಿ ಒಂದು ಪಾಠವನ್ನು ಒಂದೇ ಸಾರಿ, ಬಾಯಿಂದ, ಕಲಿತರೆ ಸಾಕು. ಅಲ್ಲಿಯಾದರೋ ಒಂದೇ ಪಾಠವನ್ನು ಮೂರು ಸಾರಿ ಕಲಿಯಬೇಕಾಗುತ್ತದೆ: ಪುಸ್ತಕದಿಂದ ಬುದ್ಧಿಗೆ, ಬುದ್ಧಿಯಿಂದ ಕೈಗೆ, ಕೈಯಿಂದ ರೋಗಿಯ ಮುಂದೆ. ಉದಾಹರಣೆಗೆ ನಾಡಿಯನ್ನೂ ಉಸಿರನ್ನೂ ಎಣಿಸುವ ಕೆಲಸವನ್ನು ತೆಗೆದುಕೊಳ್ಳೋಣ. ಪ್ರಾಯದವರ ನಾಡಿ ನಿಮಿಷಕ್ಕೆ 60ರಿಂದ 100, ಉಸಿರು 12ರಿಂದ 20 ಎಂದು ಪುಸ್ತಕದಲ್ಲಿದೆ. ಅರ್ಧ ಗಂಟೆಯಲ್ಲಿ ಬಾಯಿಪಾಠವಾಗುತ್ತದೆ. ಹೆಬ್ಬೆರಳಿನಲ್ಲಿ ಹಿಡಿದರೆ ತನ್ನ ಸ್ವಂತ ನಾಡಿಯೇ ತನಗೆ ಬಡಿಯುತ್ತದಾದುದರಿಂದ ನಡುಬೆರಳುಗಳಿಂದ ಹಿಡಿಯಬೇಕೆಂಬುದನ್ನು ಕೈ ಕಲಿಯಬೇಕು; ಅದಕ್ಕೆ ಒಂದು ವಾರ ಹಿಡಿಯುತ್ತದೆ. ಆದರೆ ವಾರ್ಡಿಗೆ ಹೋಗಿ, “ಅಜ್ಜಾ, ನಿಮ್ಮ ಉಸಿರನ್ನು ಎಣಿಸುತ್ತೇನೆ” ಎಂದರೆ, ಆ ಕ್ಷಣವೇ ಅಜ್ಜನ ಉಸಿರಿನ ಗತಿ ಬದಲಾಗುತ್ತದೆ. ಆದಕಾರಣ ಬಲ್ಲ ದಾದಿಯು ನಾಡಿಯನ್ನು ಎಣಿಸಿ ಮುಗಿಸಿದ ಮೇಲೆಯೂ ಕೈಯನ್ನು ಬಿಡದೆ, ಇನ್ನೂ ನಾಡಿಯನ್ನೇ ನೋಡುತ್ತಿರುವಂತೆ ನಿಂತು, ಎದೆಯ ಏರಿಳಿತವನ್ನು ಕಣ್ಣಿನಿಂದ ಎಣಿಸುತ್ತಾಳೆ. ಈ ಮೂರನೆಯ ಕಲಿಕೆಯು ರೋಗಿಯ ಮುಂದೆ ನಿಂತಲ್ಲದೆ ಬರುವುದಿಲ್ಲ.

ಹಿಂದಿರುಗುವ ಹುಡುಗಿಯರಲ್ಲಿ ಹೆಚ್ಚಿನವರು ಈ ಮೂರನ್ನೂ ಬೇರೆಬೇರೆಯಾಗಿ ಇಟ್ಟುಕೊಂಡವರು. ಹಗಲೆಲ್ಲಾ ವಾರ್ಡಿನಲ್ಲಿ ದುಡಿದು, ರಾತ್ರಿ ಬೇರೊಂದು ಲೋಕದ ವಿಷಯವೆಂಬಂತೆ ಪುಸ್ತಕವನ್ನು ಓದಲು ಕುಳಿತರೆ, ಎರಡರ ಭಾರವೂ ಸೇರಿ ಬೆನ್ನು ಮುರಿಯುತ್ತದೆ. ಸುಖವಾಗಿ ಮುಗಿಸಿದವರೆಲ್ಲರೂ ನಮಗೆ ಹೇಳಿದ ಉಪಾಯವು ಒಂದೇ: ಈ ದಿವಸ ನೋಡಿದ ಒಬ್ಬ ರೋಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಆ ರೋಗಿಯ ಕಾಯಿಲೆಯನ್ನೇ ಆ ರಾತ್ರಿ ಪುಸ್ತಕದಲ್ಲಿ ಓದುವುದು. ಸಕ್ಕರೆ ರೋಗದ ಹೆಂಗಸಿನ ಕಾಲಿನ ಗಾಯವನ್ನು ಬೆಳಿಗ್ಗೆ ಕಟ್ಟಿದವಳಿಗೆ, ಆ ಗಾಯವು ಯಾಕೆ ಮಾಯುವುದಿಲ್ಲವೆಂಬ ಎರಡು ಪುಟಗಳು ಸಾಯಂಕಾಲ ಕಥೆಯಂತೆ ಓದಿಸಿಕೊಳ್ಳುತ್ತವೆ, ಮತ್ತು ಪರೀಕ್ಷೆಯಲ್ಲಿ ಆ ಹೆಂಗಸಿನ ಮುಖವೇ ಉತ್ತರವನ್ನು ನೆನಪಿಗೆ ತರುತ್ತದೆ.

ಎರಡನೆಯ ಎಡರು ಇಂಗ್ಲಿಷ್ ಭಾಷೆಯದು. ಕನ್ನಡದಲ್ಲಿ ಓದಿಹೋದ ಹುಡುಗಿಯು ಶರೀರಶಾಸ್ತ್ರದ ಮೊದಲನೆಯ ಪಾಠದಲ್ಲಿ ಬಾರದ ಹೆಸರುಗಳನ್ನು ನೂರಾರು ಕೇಳಿ ದಿಗಿಲುಬೀಳುತ್ತಾಳೆ. ಇವು ಇಂಗ್ಲಿಷಿನವರ ಮನೆಮಾತಿನಲ್ಲಿಯೂ ಇಲ್ಲದ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ತುಂಡುಗಳಿಂದ ಕಟ್ಟಿದ ಮಾತುಗಳೆಂಬುದನ್ನು ಯಾರಾದರೂ ಮೊದಲೇ ಹೇಳಿದರೆ ಅರ್ಧ ಭಯ ಹೋದೀತು. ನಮ್ಮ ಸಂಸ್ಕೃತದ ಸಮಾಸಗಳಂತೆ ಇವನ್ನು ಬಿಡಿಸಿ ಓದಬಹುದು. ಕೊನೆಯಲ್ಲಿ ‘ಐಟಿಸ್’ ಎಂದು ಬಂದರೆ ಉರಿಯೂತ. ‘ಎಕ್ಟಮಿ’ ಎಂದು ಬಂದರೆ ಕೊಯ್ದು ತೆಗೆಯುವುದು. ‘ಆಸ್ಟಮಿ’ ಎಂದರೆ ಬಾಯಿ ಮಾಡುವುದು. ಮೊದಲಿಗೆ ‘ಹೈಪರ್’ ಬಂದರೆ ಹೆಚ್ಚು, ‘ಹೈಪೋ’ ಬಂದರೆ ಕಡಿಮೆ. ‘ಟ್ಯಾಕಿ’ ವೇಗ, ‘ಬ್ರಾಡಿ’ ನಿಧಾನ. ಹೀಗೆ ಐವತ್ತು ತುಂಡುಗಳನ್ನು ತಿಳಿದವಳು ತಾನು ಎಂದೂ ಕೇಳದ ಹೆಸರಿನ ಅರ್ಥವನ್ನೂ ಊಹಿಸಬಲ್ಲಳು. ಅಪೆಂಡಿಸೈಟಿಸ್ ಯಾವುದು, ಅಪೆಂಡಿಸೆಕ್ಟಮಿ ಯಾವುದು ಎಂದು ಅವಳಿಗೆ ಯಾರೂ ಹೇಳಬೇಕಾಗಿಲ್ಲ. ವೈದ್ಯರು ಚೀಟಿಯಲ್ಲಿ ಬರೆಯುವ ಗುರುತುಗಳೂ ಹಾಗೆಯೇ: ಬಿ.ಡಿ. ಎಂದರೆ ದಿನಕ್ಕೆ ಎರಡು ಸಾರಿ, ಟಿ.ಡಿ.ಎಸ್. ಎಂದರೆ ಮೂರು ಸಾರಿ, ಎಚ್.ಎಸ್. ಎಂದರೆ ಮಲಗುವಾಗ. ಜೇಬಿನಲ್ಲಿ ಹಿಡಿಯುವಂಥ ಒಂದು ಚಿಕ್ಕ ಪುಸ್ತಕದಲ್ಲಿ ಎಡಗಡೆ ಇಂಗ್ಲಿಷ್ ಮಾತನ್ನೂ ಬಲಗಡೆ ಕನ್ನಡದ ಅರ್ಥವನ್ನೂ ದಿನಕ್ಕೆ ಹತ್ತರಂತೆ ಬರೆದರೆ ಕ್ರಿಸ್ಮಸಿನೊಳಗೆ ಪುಸ್ತಕ ತುಂಬುತ್ತದೆ.

ಇಲ್ಲಿ ಇನ್ನೊಂದು ಮಾತು. ಕನ್ನಡದ ಹುಡುಗಿಯು ತನ್ನಲ್ಲಿ ಇಲ್ಲದ್ದನ್ನೇ ಎಣಿಸಿ ಅಳುತ್ತಾಳೆ, ಇರುವುದನ್ನು ಎಣಿಸುವುದಿಲ್ಲ. ಹೊಟ್ಟೆ ತೊಳಸುತ್ತದೆ, ಕಣ್ಣಿಗೆ ಕತ್ತಲೆ ಬರುತ್ತದೆ, ಕಾಲು ಜುಮುಗುಡುತ್ತದೆ, ಎದೆಯಲ್ಲಿ ಹಿಂಡಿದ ಹಾಗಾಗುತ್ತದೆ ಎಂದು ನಮ್ಮ ನಾಡಿನ ರೋಗಿಗಳು ಹೇಳಿದಾಗ, ಪಟ್ಟಣದಲ್ಲಿ ಇಂಗ್ಲಿಷಿನಲ್ಲೇ ಬೆಳೆದವಳಿಗೂ, ಹೊರರಾಜ್ಯದಿಂದ ಬಂದು ಕಲಿಯುವವಳಿಗೂ ಅದು ಅರ್ಥವಾಗದು. ಇವಳಿಗೆ ಅದು ತಾಯಿಯ ಮಾತು. ವೈದ್ಯರಿಗೂ ರೋಗಿಗೂ ನಡುವೆ ಸೇತುವೆಯಾಗಿ ನಿಲ್ಲುವ ಸಾಮರ್ಥ್ಯವು ಮೊದಲನೆಯ ದಿನದಿಂದಲೇ ಇವಳಿಗೆ ಇದೆ. ಅದನ್ನು ಕಂಡ ಹಿರಿಯ ಸಿಸ್ಟರುಗಳು ಇಂಥವಳನ್ನು ಹತ್ತಿರ ಕರೆದುಕೊಂಡು ಕಲಿಸುತ್ತಾರೆಂದು ನಮ್ಮವರು ಹೇಳುತ್ತಾರೆ.

ಮೂರನೆಯದು ಲೆಕ್ಕ. ದಾದಿಗೆ ಲೆಕ್ಕವೇತಕ್ಕೆಂದು ನಗುವವರುಂಟು. 1860ರಲ್ಲಿ ಲಂಡನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯನ್ನು ಸ್ಥಾಪಿಸಿದ ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರನ್ನು ನಾವು ದೀಪದ ಚಿತ್ರದಿಂದ ಮಾತ್ರ ಬಲ್ಲೆವು. ಅವರು ಸ್ಕುಟಾರಿಯಲ್ಲಿ ಹಿಡಿದದ್ದು ನಮ್ಮ ಚಿತ್ರಗಳಲ್ಲಿ ಕಾಣುವ ಹಣತೆಯಂಥ ದೀಪವಲ್ಲ, ಮಡಿಸಬಹುದಾದ ತುರ್ಕಿ ದೇಶದ ಲಾಂದ್ರ, ಇದು ಹಾಗಿರಲಿ. ಅವರು ದೀಪಕ್ಕಿಂತಲೂ ಹೆಚ್ಚು ಕಾಲ ಕೈಯಲ್ಲಿ ಹಿಡಿದದ್ದು ಲೆಕ್ಕದ ಕಾಗದಗಳನ್ನು. ಸಿಪಾಯಿಗಳಲ್ಲಿ ಗಾಯದಿಂದ ಸತ್ತವರಿಗಿಂತ ಕೊಳೆಯಿಂದ ಹುಟ್ಟುವ ರೋಗಗಳಲ್ಲಿ ಸತ್ತವರೇ ಬಹಳವೆಂದು ಅವರು 1858ರಲ್ಲಿ ಚಿತ್ರದ ರೂಪದಲ್ಲಿ ಲೆಕ್ಕವನ್ನು ತೋರಿಸಿದ ಮೇಲೆಯೇ ಸರಕಾರದವರು ಕಣ್ಣು ತೆರೆದರು.

ವಾರ್ಡಿನ ಲೆಕ್ಕವು ಕಠಿನವಾದದ್ದಲ್ಲ. ಆದರೆ ಅದರಲ್ಲಿ ನೂರಕ್ಕೆ ನೂರು ಬರಬೇಕು. ವೈದ್ಯರು 75 ಮಿಲಿಗ್ರಾಂ ಮದ್ದನ್ನು ಕೊಡಹೇಳಿದ್ದಾರೆ. ಕೈಯಲ್ಲಿರುವ ಸೀಸೆಯ 2 ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಇದೆ. ಬೇಕಾದದ್ದನ್ನು ಇರುವುದರಿಂದ ಭಾಗಿಸಿ 2ರಿಂದ ಗುಣಿಸಿದರೆ ಒಂದೂವರೆ ಮಿಲಿಲೀಟರು. ಸಿರಿಂಜಿಗೆ ಎಳೆಯುವ ಮೊದಲು ಒಂದು ಕ್ಷಣ ನಿಂತು, ಸೀಸೆಯ ಪೂರ್ಣ ಮದ್ದಿಗಿಂತ ಇದು ಕಡಿಮೆಯಿರಬೇಕಲ್ಲವೇ, ಹೌದು, ಕಡಿಮೆಯಿದೆ ಎಂದು ತನ್ನನ್ನು ತಾನೇ ಕೇಳಿಕೊಳ್ಳುವ ಅಭ್ಯಾಸವನ್ನು ಮಾಡಿಕೊಂಡರೆ ದೊಡ್ಡ ತಪ್ಪುಗಳು ನಿಲ್ಲುತ್ತವೆ. ಇನ್ನೊಂದು: 500 ಮಿಲಿಲೀಟರು ಗ್ಲೂಕೋಸನ್ನು 8 ಗಂಟೆಗಳಲ್ಲಿ ಹಾಕಬೇಕು; ಕೊಳವೆಯಲ್ಲಿ 20 ತೊಟ್ಟಿಗೆ ಒಂದು ಮಿಲಿಲೀಟರು. ಒಟ್ಟು ತೊಟ್ಟುಗಳು 10,000, ನಿಮಿಷಗಳು 480, ಅಂದರೆ ನಿಮಿಷಕ್ಕೆ ಸುಮಾರು 21 ತೊಟ್ಟು. ಗಡಿಯಾರವನ್ನು ಹಿಡಿದು ಕಾಲು ನಿಮಿಷಕ್ಕೆ 5 ತೊಟ್ಟು ಬೀಳುವಂತೆ ತಿರುಪನ್ನು ಸರಿಮಾಡಿದರಾಯಿತು. ಮಕ್ಕಳಿಗೆ ಉಪಯೋಗಿಸುವ ಸಣ್ಣ ತೊಟ್ಟಿನ ಕೊಳವೆಯಲ್ಲಿ 60 ತೊಟ್ಟಿಗೆ ಒಂದು ಮಿಲಿಲೀಟರಾದ್ದರಿಂದ, ಗಂಟೆಗೆ ಎಷ್ಟು ಮಿಲಿಲೀಟರೋ ನಿಮಿಷಕ್ಕೆ ಅಷ್ಟೇ ತೊಟ್ಟು. ಇದನ್ನು ಕಂಡುಕೊಂಡ ಹುಡುಗಿಯ ಸಂತೋಷವನ್ನು ನೋಡಬೇಕು!

ದಶಮಾಂಶದ ಬಿಂದುವಿನ ವಿಷಯದಲ್ಲಿ ಬಹಳ ಜಾಗ್ರತೆ ಬೇಕು. ಅರ್ಧವನ್ನು ಬರೆಯುವಾಗ ಮುಂದೆ ಸೊನ್ನೆಯನ್ನು ಹಾಕಿ 0.5 ಎಂದೇ ಬರೆಯಬೇಕು. ಸೊನ್ನೆಯಿಲ್ಲದೆ ಬರೆದರೆ ಬಿಂದುವನ್ನು ಕಾಣದೆ 5 ಎಂದು ಓದಿದವಳು ಹತ್ತುಪಟ್ಟು ಮದ್ದನ್ನು ಕೊಟ್ಟಾಳು. ಗ್ರಾಮಿಗೆ 1000 ಮಿಲಿಗ್ರಾಂ, ಮಿಲಿಗ್ರಾಮಿಗೆ 1000 ಮೈಕ್ರೋಗ್ರಾಂ. ಇವುಗಳ ಗಲಿಬಿಲಿಯಾದರೆ ಸಾವಿರಪಟ್ಟಿನ ಅಂತರ. ನಮ್ಮ ಏಳನೆಯ ತರಗತಿಯಲ್ಲಿ ದಶಮಾಂಶದ ಲೆಕ್ಕಗಳನ್ನು ಕೊಡುವಾಗ ಹುಡುಗಿಯರು ಮುಖ ಸಿಂಡರಿಸುತ್ತಾರಲ್ಲವೇ? ಯಾರ ಪ್ರಾಣವು ಯಾವ ಬಿಂದುವಿನ ಮೇಲೆ ನಿಂತೀತೆಂದು ಯಾರು ಬಲ್ಲರು!

ಕೈಗೆಲಸದಲ್ಲಿ ಮೊದಲನೆಯದು ಹಾಸಿಗೆ ಹಾಸುವುದು. ಮನೆಯಲ್ಲಿ ಹತ್ತು ವರುಷದಿಂದ ಹಾಸಿದವಳಿಗೆ ಅಲ್ಲಿ ಹದಿನೈದು ದಿವಸ ಅದನ್ನೇ ಮಾಡಿಸಿದರೆ ಅಪಮಾನವೆನ್ನಿಸುತ್ತದೆ. ಇಷ್ಟಕ್ಕಾಗಿಯೇ ಹಣ ಕೊಟ್ಟು ಕಳುಹಿಸಿದೆವೋ ಎಂದು ತಂದೆಯೂ ಕೇಳುತ್ತಾರೆ. ಅದರ ಕಾರಣವನ್ನು ತಿಳಿಯಬೇಕು. ಏಳಲಾರದೆ ಬಿದ್ದಿರುವ ರೋಗಿಯ ಕೆಳಗೆ ದುಪ್ಪಟಿಯ ಒಂದು ಸುಕ್ಕು ಇದ್ದರೂ, ಅದು ಚರ್ಮವನ್ನು ಒತ್ತಿ, ಅಲ್ಲಿ ರಕ್ತದ ಸಂಚಾರವು ಕುಂದಿ, ಮೊದಲು ಕೆಂಪಾಗಿ, ಆಮೇಲೆ ಒಡೆದು, ಎಲುಬಿನವರೆಗೂ ಇಳಿಯುವ ಹುಣ್ಣಾಗುತ್ತದೆ. ಆದ್ದರಿಂದಲೇ ಮೂಲೆಗಳನ್ನು ಲಕೋಟೆಯಂತೆ ಮಡಿಸಿ ಬಿಗಿಯುವುದು. ಆದ್ದರಿಂದಲೇ ಅಂಥ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದು. ಬೆನ್ನಿನ ಮೇಲೆ ಹುಣ್ಣಾಗದ ಹಾಗೆ ಮೂರು ತಿಂಗಳು ಒಬ್ಬ ಪಾರ್ಶ್ವವಾಯು ರೋಗಿಯನ್ನು ಕಾಪಾಡಿದ ದಾದಿಯರ ಹೆಸರನ್ನು ಯಾವ ಪತ್ರಿಕೆಯೂ ಪ್ರಕಟಿಸುವುದಿಲ್ಲ, ಆದರೆ ಅದು ಶಸ್ತ್ರಚಿಕಿತ್ಸೆಗಿಂತ ಕಡಿಮೆಯ ಕೆಲಸವಲ್ಲ.

ಎರಡನೆಯದು ಕೈ ತೊಳೆಯುವುದು. 1847ರಲ್ಲಿ ವಿಯೆನ್ನಾ ಪಟ್ಟಣದ ಹೆರಿಗೆಯ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಹೆಣ ಕೊಯ್ದ ಕೈಯಿಂದ ನೇರವಾಗಿ ಬಾಣಂತಿಯರನ್ನು ಮುಟ್ಟಬಾರದೆಂದೂ, ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದೂ ನಿಯಮಮಾಡಿದರು. 1846ರಲ್ಲಿ ಅಲ್ಲಿಯ ವೈದ್ಯ ವಿದ್ಯಾರ್ಥಿಗಳ ವಾರ್ಡಿನಲ್ಲಿ ನೂರಕ್ಕೆ 11ಕ್ಕೂ ಮಿಕ್ಕಿ ತಾಯಂದಿರು ಸತ್ತಿದ್ದರು. 1848ರಲ್ಲಿ ಆ ಸಂಖ್ಯೆ ನೂರಕ್ಕೆ 2ಕ್ಕಿಂತಲೂ ಕೆಳಗಿಳಿಯಿತು. ಆದರೂ ಆ ಕಾಲದ ಪಂಡಿತರು ಅವರನ್ನು ನಂಬಲಿಲ್ಲ. ಈಗ ಎಲ್ಲರೂ ನಂಬುತ್ತಾರೆ, ಆದರೆ ಅವಸರದಲ್ಲಿ ಮರೆಯುತ್ತಾರೆ. ಸೋಪು ನೀರಿನಲ್ಲಿ 40ರಿಂದ 60 ಸೆಕೆಂಡು, ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ ಸಹಿತವಾಗಿ ತೊಳೆಯುವುದನ್ನು, ನಿದ್ದೆಗಣ್ಣಿನಲ್ಲಿಯೂ ತಪ್ಪದ ಹಾಗೆ ಮೊದಲ ತಿಂಗಳಲ್ಲಿಯೇ ಮೈಗೂಡಿಸಿಕೊಂಡವಳಿಗೆ ಕಡೆಯವರೆಗೆ ಅನುಕೂಲ. ಉಳಿದ ಕೈಗೆಲಸಗಳನ್ನು ಗೆಳತಿಯರು ಒಬ್ಬರನ್ನೊಬ್ಬರು ರೋಗಿಗಳಾಗಿ ಮಾಡಿಕೊಂಡು ಹಾಸ್ಟೆಲಿನಲ್ಲಿಯೇ ಅಭ್ಯಾಸಮಾಡಬಹುದು. ಪಟ್ಟಿ ಕಟ್ಟುವುದು, ರಕ್ತದ ಒತ್ತಡ ನೋಡುವುದು, ಏಳಲಾರದವರನ್ನು ಎಬ್ಬಿಸಿ ಕೂರಿಸುವುದು ಇತ್ಯಾದಿ. ಮಾಡುವಾಗ ಬಾಯಿಂದ ಕಾರಣವನ್ನೂ ಹೇಳುತ್ತಾ ಮಾಡಿದರೆ ಪ್ರಾಯೋಗಿಕ ಪರೀಕ್ಷೆಯ ಅರ್ಧ ಭಾಗ ಅಲ್ಲಿಯೇ ಮುಗಿದಂತೆ, ಯಾಕಂದರೆ ಪರೀಕ್ಷಕರು ಕೇಳುವುದು “ಮುಂದೇನು?” ಮತ್ತು “ಯಾತಕ್ಕೆ?” ಎಂಬ ಎರಡೇ ಪ್ರಶ್ನೆಗಳನ್ನು.

ಮದ್ದು ಕೊಡುವಾಗ ಯಾರಿಗೆ, ಯಾವುದು, ಎಷ್ಟು, ಯಾವ ದಾರಿಯಿಂದ, ಯಾವ ಹೊತ್ತಿಗೆ ಎಂಬ ಐದನ್ನೂ ನೋಡಬೇಕು. ಸೀಸೆಯ ಚೀಟಿಯನ್ನು ತೆಗೆಯುವಾಗ ಒಂದು ಸಾರಿ, ಅಳೆಯುವಾಗ ಒಂದು ಸಾರಿ, ತಿರುಗಿ ಇಡುವಾಗ ಒಂದು ಸಾರಿ ಓದಬೇಕು. ಮಾಡಿದ್ದನ್ನು ಕೂಡಲೇ ಬರೆಯಬೇಕು. ಬರೆಯದೆ ಇದ್ದದ್ದು ಮಾಡದೆ ಇದ್ದದ್ದಕ್ಕೆ ಸಮವೆಂದು ವಾರ್ಡಿನ ನ್ಯಾಯ. ತಪ್ಪು ನಡೆದಿದೆಯೆಂಬ ಸಂದೇಹ ಬಂದರೆ, ಬೈಗುಳಕ್ಕೆ ಅಂಜಿ ಮುಚ್ಚಿಡದೆ ಆ ನಿಮಿಷವೇ ಹಿರಿಯರಿಗೆ ತಿಳಿಸಬೇಕು. ತಡವಾದರೆ ಪರಿಹಾರದ ಕಾಲವೂ ಮೀರಿಹೋಗುತ್ತದೆ. ಬೈಗುಳವೆಂದರೆ ನೆನಪಾಯಿತು: ಹಿರಿಯ ಸಿಸ್ಟರುಗಳ ಮಾತು ಒರಟಾಗಿರುತ್ತದೆಂದು ಎಲ್ಲಾ ಹುಡುಗಿಯರ ದೂರು. ಕೆಲವರದು ಅನ್ಯಾಯವಾದ ಒರಟುತನವೇ ಸರಿ, ಅದನ್ನು ನಾವು ಸಮರ್ಥಿಸುವುದಿಲ್ಲ. ಮಿತಿಮೀರಿದರೆ ಪ್ರಿನ್ಸಿಪಾಲರಿಗೆ ಹೇಳತಕ್ಕದ್ದು. ಆದರೆ ಒಬ್ಬಳೇ ನಲವತ್ತು ರೋಗಿಗಳನ್ನು ನೋಡುವವಳ ಅವಸರಕ್ಕೂ ದ್ವೇಷಕ್ಕೂ ಇರುವ ಭೇದವನ್ನು ಹುಡುಗಿ ಬೇಗನೆ ತಿಳಿದುಕೊಳ್ಳುವುದು ಒಳ್ಳೇದು.

ರಾತ್ರಿ ಪಾಳಿಯ ವಿಷಯ. ಬೆಳಗಿನ ಜಾವ 3ರಿಂದ 5 ಗಂಟೆಯ ಹೊತ್ತು ಶರೀರದ ಕಾವು ಕಡಿಮೆಯಾಗಿ ಮನಸ್ಸೂ ಕುಗ್ಗುವ ಹೊತ್ತು. ಮನೆಯ ನೆನಪು ಬಂದು ಅಳು ಬರುವುದೂ, ಇದು ನನ್ನಿಂದಾಗದೆಂದು ನಿಶ್ಚಯಿಸುವುದೂ ಆಗಲೇ. ಆ ಹೊತ್ತಿನಲ್ಲಿ ಯಾವ ನಿಶ್ಚಯವನ್ನೂ ಮಾಡಬಾರದೆಂದು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದ್ದು ನಮಗೆ ಬಹಳ ಮೆಚ್ಚಿಗೆಯಾಯಿತು. ಪಾಳಿಗೆ ಹೋಗುವ ಮೊದಲು ಹೊಟ್ಟೆತುಂಬ ಊಟಮಾಡಿ, ಹಗಲಿನಲ್ಲಿ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ನಿದ್ದೆಮಾಡಬೇಕು. ಬೆಳಿಗ್ಗೆಯ ತಿಂಡಿಯನ್ನು ಬಿಟ್ಟು ಪ್ರಾರ್ಥನೆಗೋ ಪಾಠಕ್ಕೋ ಓಡಿ ತಲೆಸುತ್ತಿ ಬಿದ್ದವರ ಕಥೆ ಪ್ರತಿ ತಂಡದಲ್ಲಿಯೂ ಉಂಟು. ಅದು ರಕ್ತದ ಭಯವಲ್ಲ, ಬರೀ ಹೊಟ್ಟೆಯ ಫಲ.

ಮೊದಲನೆಯ ಸಾವನ್ನು ನೋಡುವ ದಿನವೂ ಬರುತ್ತದೆ. ತಾನು ಬೆಳಿಗ್ಗೆ ಗಂಜಿ ಕುಡಿಸಿದ ಮುದುಕಿ ಸಂಜೆಗೆ ಇರುವುದಿಲ್ಲ. ಹದಿನೆಂಟು ವರುಷದ ಹುಡುಗಿ ಆ ದೇಹವನ್ನು ತೊಳೆದು ಬಟ್ಟೆ ಉಡಿಸಬೇಕು. ಅಂದು ಅವಳು ಮನೆಗೆ ಟೆಲಿಫೋನು ಮಾಡಿದರೆ, “ಬಂದುಬಿಡು ಮಗಳೇ” ಎಂದು ತಾಯಿ ತಕ್ಷಣ ಹೇಳಿಬಿಡುತ್ತಾಳೆ. ತಾಯಿಯ ಹೃದಯಕ್ಕೆ ಬೇರೆ ಮಾತು ಬಾರದು. ತಾಯಂದಿರೇ, ಆ ರಾತ್ರಿ ಅವಳಿಗೆ ಬೇಕಾದದ್ದು ಬಸ್ಸಿನ ಚೀಟಿಯಲ್ಲ. ಆ ಮುದುಕಿಯ ಹೆಸರೇನು, ಊರಾವುದು, ನಿನಗೇನು ಹೇಳುತ್ತಿದ್ದಳು ಎಂದು ಕೇಳಿ, ಅವಳು ಹೇಳುವುದನ್ನೆಲ್ಲ ಕೇಳಿಸಿಕೊಂಡು, ಉಂಡಳೋ ಎಂದು ವಿಚಾರಿಸಿ ಮಲಗಿಸಿರಿ. ಎರಡು ವಾರದ ಮೇಲೆಯೂ ಅವಳು ಉಣ್ಣದೆ, ನಿದ್ದೆಮಾಡದೆ, ಮಾತು ಬಿಟ್ಟು ಇದ್ದರೆ ಆಗ ಹೊರಡಿರಿ, ಆಗ ತಡಮಾಡಬೇಡಿರಿ. ಎಲ್ಲಾ ಹುಡುಗಿಯರೂ ಈ ಕೆಲಸಕ್ಕಾಗಿ ಹುಟ್ಟಿದವರಲ್ಲ, ಬಿಟ್ಟು ಬಂದವಳು ಕೆಟ್ಟವಳೂ ಅಲ್ಲ. ಆದರೆ ಬಿಡುವುದಾದರೆ ಹಗಲಿನಲ್ಲಿ ಯೋಚಿಸಿ ಬಿಡಲಿ ಎಂದಷ್ಟೇ ನಮ್ಮ ಮಾತು.

ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ದಾದಿಯರ ಸಭೆಗಳಲ್ಲಿ ಯಾವಾಗಲೂ ಓದುತ್ತಾರೆ. ದಾರಿಯಲ್ಲಿ ಬಿದ್ದವನ ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿದವನನ್ನು ಹೊಗಳುವುದು ಯೋಗ್ಯವೇ. ಆದರೆ ಮಾರನೆಯ ದಿನ ಅವನು ಎರಡು ನಾಣ್ಯಗಳನ್ನು ಕೊಟ್ಟು ಹೊರಟುಹೋದ ಮೇಲೆ, ಆ ಗಾಯಾಳುವಿನ ಜ್ವರವನ್ನೂ ನರಳಾಟವನ್ನೂ ಎಷ್ಟೋ ರಾತ್ರಿ ನೋಡಿಕೊಂಡವನು ಛತ್ರದವನಲ್ಲವೇ? ಅವನ ಹೆಸರನ್ನು ಯಾರೂ ಎತ್ತುವುದಿಲ್ಲ. ದಾದಿಯ ಕೆಲಸವು ಹೆಚ್ಚಾಗಿ ಛತ್ರದವನ ಪಾಲಿನದೆಂದು ನಮಗೆ ಅನೇಕ ಸಾರಿ ತೋರಿದೆ.

ಪರೀಕ್ಷೆಗಳನ್ನು ಕುರಿತು ಬಹಳ ಹೇಳಬೇಕಾಗಿಲ್ಲ. ಬರಹದ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ ಎರಡರಲ್ಲಿಯೂ ಬೇರೆಬೇರೆಯಾಗಿ ತೇರ್ಗಡೆಯಾಗಬೇಕು. ಹಾಜರಿಯ ದಿನಗಳೂ ವಾರ್ಡಿನ ಗಂಟೆಗಳೂ ಪೂರ್ಣವಾಗದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲವಾದ್ದರಿಂದ, ಊರಿನ ಮದುವೆ, ಜಾತ್ರೆ, ಹೊಸಮನೆಯ ಪ್ರಾರ್ಥನೆಗಳಿಗೆಲ್ಲ ಹುಡುಗಿಯನ್ನು ಕರೆಯಿಸುವ ತಂದೆತಾಯಿಗಳು ಇದನ್ನು ಲಕ್ಷ್ಯದಲ್ಲಿಡಬೇಕು. ರೋಗಿಗಳ ವೃತ್ತಾಂತಗಳನ್ನೂ ಹೆರಿಗೆಗಳನ್ನೂ ಬರೆಯಬೇಕಾದ ದಾಖಲೆ ಪುಸ್ತಕಗಳನ್ನು ಆಯಾ ವಾರವೇ ಬರೆದು ಸಹಿ ಮಾಡಿಸಬೇಕು. ಕಡೆಯ ತಿಂಗಳಲ್ಲಿ ಎಲ್ಲವನ್ನೂ ಒಟ್ಟಿಗೆ ಬರೆಯಲು ಕುಳಿತವರಿಗೆ ಓದಲು ಕಾಲ ಸಿಕ್ಕುವುದಿಲ್ಲ. ಒಂದು ವಿಷಯದಲ್ಲಿ ತಪ್ಪಿದರೆ ಅದನ್ನು ತಿರುಗಿ ಬರೆಯಲು ಅವಕಾಶವುಂಟು. ಅದಕ್ಕಾಗಿ ಅಭ್ಯಾಸವನ್ನೇ ಬಿಡುವುದು ಅವಿವೇಕ. ತೇರ್ಗಡೆಯಾದ ಮೇಲೆ ರಾಜ್ಯದ ಕೌನ್ಸಿಲಿನಲ್ಲಿ ಹೆಸರನ್ನು ನೋಂದಾಯಿಸಿದ ಹೊರತು ದಾದಿಯಾಗಿ ಕೆಲಸಮಾಡುವ ಅಧಿಕಾರವಿಲ್ಲವೆಂಬುದನ್ನೂ ಮರೆಯಬಾರದು.

ಕಡೆಯದಾಗಿ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಬಿನ್ನಹ. ನಿಮ್ಮಲ್ಲಿ ಈ ಅಭ್ಯಾಸವನ್ನು ಮುಗಿಸಿದವರು ನಿಮ್ಮ ಪಾಠದ ಪುಸ್ತಕಗಳನ್ನೂ, ಎಡಗಡೆ ಇಂಗ್ಲಿಷ್ ಬಲಗಡೆ ಕನ್ನಡವಿರುವ ಆ ಚಿಕ್ಕ ಪುಸ್ತಕಗಳನ್ನೂ ಶಾಲೆಯ ಪುಸ್ತಕಾಲಯಕ್ಕೆ ಕೊಟ್ಟರೆ, ಮುಂದೆ ಹೋಗತಕ್ಕವರು ಫಲಿತಾಂಶ ಬಂದಮೇಲಿನ ರಜೆಯಲ್ಲಿಯೇ ಅವನ್ನು ಓದಲು ಆರಂಭಿಸಬಹುದು. ಪುಸ್ತಕಗಳು ಹರಿದಿದ್ದರೂ ಚಿಂತೆಯಿಲ್ಲ, ನಮ್ಮ ಹೊಲಿಗೆಯ ತರಗತಿಯವರು ಹೊಲಿದುಕೊಡುತ್ತಾರೆ. ರೋಗಿಗಳ ಹೆಸರುಗಳಿರುವ ಪುಟಗಳನ್ನು ಮಾತ್ರ ನೀವೇ ತೆಗೆದು ಸುಟ್ಟು ಕಳುಹಿಸಿರಿ.